ಇಂಗ್ಲಿಷ್ ಕಲಿಯೋಣ: ‘ಇಫ್’ ಬಂದಲ್ಲಿ ಎಚ್ಚರ



ಕೆಲವು ವರ್ಷಗಳ ಹಿಂದೆ ನೆರೆಮನೆಯ ತಾಯಿಯೊಬ್ಬರು ಒಂದು ಪತ್ರ ಹಿಡಿದು ನನ್ನಲ್ಲಿಗೆ ಬಂದರು. “ಮಾಸ್ಟ್ರೇ, ಮಗಳ ಓದಿಗೆ ಸಹಾಯ ಮಾಡುತ್ತೇವೆಂದು ಬರೆದು ಎರಡು ತಿಂಗಳಾಯಿತು. ಹಣ ಇನ್ನೂ ಬಂದಿಲ್ಲ” ಎಂದರು. ಪತ್ರದಲ್ಲಿದ್ದ ವಾಕ್ಯ ಇದು: ‘ಇಫ್ ಯು ಹ್ಯಾಡ್ ಅಪ್ಲೈಡ್ ಇನ್ ಟೈಮ್, ವಿ ವುಡ್ ಹ್ಯಾವ್ ಹೆಲ್ಪ್ಡ್ ಯು.’ ಅಂದರೆ, ‘ನೀವು ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಿದ್ದರೆ ಸಹಾಯ ಮಾಡುತ್ತಿದ್ದೆವು.’ ಅದು ‘ಇಲ್ಲ’ ಎಂಬ ಉತ್ತರ! ಪಿಯುಸಿ ಓದುತ್ತಿದ್ದ ಮಗಳು ‘ಹೆಲ್ಪ್’ ಎಂಬ ಪದ ಕಂಡು ‘ಹೌದು’ ಎಂದು ತಿಳಿದಿದ್ದಳು. ಅಷ್ಟರಲ್ಲಿ ಬೇರೆಡೆ ಅರ್ಜಿ ಹಾಕುವ ಅವಧಿಯೂ ಮುಗಿದಿತ್ತು. ತಪ್ಪು ಅವಳದಲ್ಲ. ನಿಯಮ ಬಾಯಿಪಾಠ ಮಾಡಿಸಿ, ಅರ್ಥ ಬಿಡಿಸಿ ಹೇಳದ ನಮ್ಮಂಥ ಶಿಕ್ಷಕರದು.

ಆದ್ದರಿಂದ ಈ ತಿಂಗಳು ಷರತ್ತು ವಾಕ್ಯಗಳನ್ನು ಅರಿಯೋಣ. ಇವು ಮುಖ್ಯವಾಗಿ ನಾಲ್ಕು ಬಗೆ.

1. ಯಾವಾಗಲೂ ಸತ್ಯವಾದುದು: ‘ಇಫ್ ಯು ಹೀಟ್ ಐಸ್, ಇಟ್ ಮೆಲ್ಟ್ಸ್.’ ಎರಡೂ ಕಡೆ ವರ್ತಮಾನ ಕಾಲ.

2. ಮುಂದೆ ಆಗಬಹುದಾದುದು: ‘ಇಫ್ ಇಟ್ ರೇನ್ಸ್, ಐ ವಿಲ್ ಸ್ಟೇ ಅಟ್ ಹೋಮ್.’ ಇಲ್ಲಿ ‘ಇಫ್ ಇಟ್ ವಿಲ್ ರೇನ್’ ಎನ್ನಬಾರದು. ಉರ್ದು ಮಾತನಾಡುವ ಮಕ್ಕಳು ‘ಅಗರ್ ಬಾರಿಶ್ ಹೋಗೀ’ ಎಂಬುದನ್ನೇ ಇಂಗ್ಲಿಷಿಗೆ ತರುವುದರಿಂದ ಈ ತಪ್ಪಾಗುತ್ತದೆ.

3. ಈಗ ಇಲ್ಲದಿರುವುದು: ‘ಇಫ್ ಐ ಹ್ಯಾಡ್ ಮನಿ, ಐ ವುಡ್ ಬಿಲ್ಡ್ ಎ ಹೌಸ್.’ ‘ಹ್ಯಾಡ್’ ಭೂತಕಾಲದ ರೂಪವಾದರೂ ಮಾತು ಇಂದಿನದು. ಈಗ ನನ್ನಲ್ಲಿ ಹಣವಿಲ್ಲ.

4. ಹಿಂದೆ ಆಗದೆ ಹೋದುದು: ಮೇಲಿನ ಪತ್ರದ ವಾಕ್ಯ. ‘ಹ್ಯಾಡ್ ಅಪ್ಲೈಡ್’, ‘ವುಡ್ ಹ್ಯಾವ್ ಹೆಲ್ಪ್ಡ್’ ಎಂದು ಬಂದರೆ ಅರ್ಜಿ ಹಾಕಲಿಲ್ಲ, ಸಹಾಯವೂ ಆಗಲಿಲ್ಲ ಎಂದೇ ತಿಳಿಯಿರಿ.

ಕನ್ನಡದಲ್ಲಿ ಮೂರು ಮತ್ತು ನಾಲ್ಕನೆಯ ಬಗೆ ಒಂದೇ ತರಹ ಕೇಳಿಸುತ್ತವೆ: ‘ಹಣವಿದ್ದರೆ ಕಟ್ಟಿಸುತ್ತಿದ್ದೆ’, ‘ಅರ್ಜಿ ಹಾಕಿದ್ದರೆ ಕೊಡುತ್ತಿದ್ದೆವು’. ಗೊಂದಲ ಹುಟ್ಟುವುದು ಇಲ್ಲಿಯೇ. ಅರಬಿ ಓದಿದವರಿಗೆ ಒಂದು ಸುಳಿವು: ಅಲ್ಲಿ ಆಗಬಹುದಾದುದಕ್ಕೆ ‘ಇನ್’, ಆಗದುದಕ್ಕೆ ‘ಲೌ’ ಎಂದು ಪದವೇ ಬೇರೆ. ಇಂಗ್ಲಿಷಿನಲ್ಲಿ ‘ಇಫ್’ ಒಂದೇ. ವ್ಯತ್ಯಾಸವೆಲ್ಲ ಕ್ರಿಯಾಪದದಲ್ಲಿರುತ್ತದೆ. ಆದ್ದರಿಂದ ‘ಇಫ್’ ಕಂಡೊಡನೆ ಅದರ ಮುಂದಿನ ಕ್ರಿಯಾಪದವನ್ನು ನೋಡಿರಿ.

ಇನ್ನೊಂದು ಮಾತು. ‘ಇಫ್’ ಭಾಗ ಮೊದಲು ಬಂದರೆ ಅದರ ಕೊನೆಗೆ ಅಲ್ಪವಿರಾಮ ಬೇಕು. ನಂತರ ಬಂದರೆ ಸಾಮಾನ್ಯವಾಗಿ ಬೇಡ.

ಈಗ ನಿಮ್ಮ ಸರದಿ. ಇವನ್ನು ಇಂಗ್ಲಿಷಿಗೆ ತನ್ನಿರಿ:
ಅ) ಬಸ್ಸು ತಪ್ಪಿದರೆ ನಡೆದು ಹೋಗುತ್ತೇವೆ.
ಆ) ನನಗೆ ಕಾರು ಇದ್ದರೆ ನಿಮ್ಮನ್ನು ಕರೆದೊಯ್ಯುತ್ತಿದ್ದೆ.
ಇ) ನೀವು ನಿನ್ನೆ ಫೋನ್ ಮಾಡಿದ್ದರೆ ನಾನು ಬರುತ್ತಿದ್ದೆ.

ಉತ್ತರ ಮುಂದಿನ ಸಂಚಿಕೆಯಲ್ಲಿ. ಆ ಹುಡುಗಿ ಮರುವರ್ಷ ಅವಧಿಗೆ ಮೊದಲೇ ಅರ್ಜಿ ಹಾಕಿದಳು. ಬಂದ ಉತ್ತರವನ್ನು ತಾಯಿಗೆ ಓದಿ ಹೇಳಿದವಳೂ ಅವಳೇ. ನಿಮ್ಮ ಮನೆಗೆ ಬರುವ ಇಂಗ್ಲಿಷ್ ಪತ್ರಗಳನ್ನೂ ಮಕ್ಕಳ ಜೊತೆ ಕುಳಿತು ಓದಿರಿ.