ಹೆಸರಿಗೆ ಅಂಟಿಕೊಂಡ ‘ಸ್’

ರೀಗಾದಲ್ಲಿ ಕೆಲಸ ಮಾಡೋ ಚಿಕ್ಕಮ್ಮನ ಮಗ ಒಂದು ರಾತ್ರಿ ಫೋನ್ ಮಾಡಿದ. “ಅಣ್ಣ, ಇಲ್ಲಿ ಮದುವೆ ನೋಂದಣಿಗೆ ನನ್ನ ಜನನ ಪ್ರಮಾಣಪತ್ರ ಲಾಟ್ವಿಯನ್‌ನಲ್ಲಿ ಬೇಕಂತೆ. ಒಂದು ತಿಂಗಳು ಟೈಮಿದೆ.”

ನಮ್ಮ ಹನೂರಿನಲ್ಲಿ ಎರಡು ಭಾಷೆ ಬಲ್ಲವರಿಗೆ ಬರವಿಲ್ಲ. ಸಂತೆಯಲ್ಲಿ ಕನ್ನಡ, ತಮಿಳು ಎರಡೂ ಓಡುತ್ತವೆ. ಒಡೆಯರಪಾಳ್ಯದ ಟಿಬೆಟನ್ನರು ಕನ್ನಡದಲ್ಲೇ ಚೌಕಾಸಿ ಮಾಡ್ತಾರೆ. ಆದ್ರೆ ಇಪ್ಪತ್ತು ಲಕ್ಷ ಜನರೂ ಇಲ್ಲದ ಲಾಟ್ವಿಯಾದ ಭಾಷೆಗೆ ಎಲ್ಲಿ ಹೋಗೋದು? ಕನ್ನಡದಿಂದ ನೇರ ಮಾಡೋರು ನಂಗೆ ಸಿಗಲಿಲ್ಲ. ಹಾಗಾಗಿ ಇಂಗ್ಲಿಷನ್ನೇ ಸೇತುವೆ ಮಾಡ್ಕೊಂಡ್ವಿ.

ಕಾಗದ ನೋಡದೇ ರೇಟು ಹೇಳಿದವರನ್ನು ಬಿಟ್ಟೆ. ರೀಗಾದ ಅನುವಾದಕಿಯೊಬ್ಬರು ಮಾತ್ರ ಮೊದಲು ಪಾಸ್‌ಪೋರ್ಟ್ ಪ್ರತಿ ಕೇಳಿದ್ರು. ಆಮೇಲೆ ಪ್ರಶ್ನೆ ಬಂತು: “ಪಾಸ್‌ಪೋರ್ಟ್‌ನಲ್ಲಿ ಕೊಳ್ಳೇಗಾಲ, ನಿಮ್ಮ ಇಂಗ್ಲಿಷ್ ಪ್ರತಿಯಲ್ಲಿ ಹನೂರು ತಾಲ್ಲೂಕು. ಯಾವುದು ಸರಿ?”

ತಪ್ಪು ನನ್ನದೇ. ಹಳೆಯ ಕಾಗದದಲ್ಲಿ ‘ಕೊಳ್ಳೇಗಾಲ ತಾಲ್ಲೂಕು’ ಅಂತಾನೇ ಇತ್ತು. ಹನೂರು ಈಗ ಪ್ರತ್ಯೇಕ ತಾಲ್ಲೂಕು ಅಂತ ನಾನೇ ಬುದ್ಧಿವಂತಿಕೆ ತೋರಿಸಿ ತಿದ್ದಿದ್ದೆ. ಅನುವಾದದಲ್ಲಿ ತಿದ್ದೋ ಹಾಗಿಲ್ಲ, ಇದ್ದದ್ದು ಇದ್ದ ಹಾಗೇ ಬರಬೇಕು.

ಇನ್ನೊಂದು ಪಾಠ ಹೆಸರಿನದು. ಲಾಟ್ವಿಯನ್‌ನಲ್ಲಿ ಗಂಡಸರ ಹೆಸರಿಗೆ ಸಾಮಾನ್ಯವಾಗಿ ‘ಸ್’ ಸೇರುತ್ತೆ. ಮಂಜುನಾಥ್ ಅನ್ನೋನು ಮಂಜುನಾತ್ಸ್ ಆಗಬಹುದು! ಚಿಕ್ಕಮ್ಮನಿಗೆ ಹೇಳಿದ್ರೆ, “ಅಯ್ಯೋ ಮಗ, ಮಾದಪ್ಪನ ಮುಂದೆ ಇಟ್ಟ ಹೆಸರು ಕನಾ ಅದು” ಅಂತ ಗಾಬರಿಯಾದ್ರು. ಪಾಸ್‌ಪೋರ್ಟ್‌ನಲ್ಲಿರೋ ಮೂಲ ಹೆಸರನ್ನೂ ಪಕ್ಕದಲ್ಲೇ ಬರೆಯಿರಿ ಅಂತ ಅನುವಾದಕಿಗೆ ಕೇಳಿಕೊಂಡ್ವಿ. ಬರೆದ್ರು.

ನಿಮಗೂ ಇಂಥ ಪರಿಸ್ಥಿತಿ ಬಂದ್ರೆ ಹೀಗೆ ಮಾಡಿ. ಇಂಗ್ಲಿಷ್ ಪ್ರತಿ ಸಾಕಾ ಅಂತ ಮೊದಲು ಅಲ್ಲಿನ ಕಚೇರಿಯನ್ನೇ ಕೇಳಿ, ಕೆಲವು ಕಡೆ ಸಾಕಾಗುತ್ತೆ. ಬೇಕೇ ಬೇಕು ಅಂದ್ರೆ ಮೊದಲು ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮಾಡಿಸಿ, ಆಮೇಲೆ ಅನುವಾದ. ಯಾಕಂದ್ರೆ ಆ ಮುದ್ರೆಯೂ ಅನುವಾದ ಆಗಬೇಕು. ಭಾರತ 2005ರಲ್ಲೇ ಈ ಒಪ್ಪಂದಕ್ಕೆ ಸೇರಿದೆ, ಲಾಟ್ವಿಯಾ ಕೂಡ ಇದೆ. ಸರ್ಕಾರಿ ಕೆಲಸಕ್ಕಾದ್ರೆ ಅನುವಾದಕರ ಸಹಿಯನ್ನು ಅಲ್ಲಿನ ನೋಟರಿ ದೃಢೀಕರಿಸ್ತಾರೆ. ಹಾಗಾಗಿ ಬೆಂಗಳೂರಿನಲ್ಲಿ ಹುಡುಕೋದಕ್ಕಿಂತ ಅಲ್ಲೇ ಮಾಡಿಸೋದು ಸಲೀಸು. ಕಾಗದದ ಕೆಲಸಕ್ಕೆ ಅನುವಾದಕರು, ಕಚೇರಿಯಲ್ಲಿ ಪಕ್ಕ ನಿಂತು ಮಾತಾಡೋಕೆ ದುಭಾಷಿ. ಇಬ್ಬರೂ ಒಬ್ಬರೇ ಆಗಬೇಕಿಲ್ಲ, ಬೇಕಾದವರನ್ನು ಮೊದಲೇ ಹೇಳಿ.

ಮೊನ್ನೆ ನೋಂದಣಿ ಮುಗೀತು. ವಿಡಿಯೋ ಕಾಲ್‌ನಲ್ಲಿ ಚಿಕ್ಕಮ್ಮ ಪ್ರಮಾಣಪತ್ರ ನೋಡಿ ಕೇಳಿದ್ದು ಒಂದೇ: “ಎಸ್ರು ಸರಿಯಾಗದಾ?”

ಸರಿಯಾಗೇ ಇತ್ತು.