ಕತ್ತಲೆಯೂ ಒಂದು ಸಂಪತ್ತು

1610ರಲ್ಲಿ ಗುರುಗ್ರಹದ ನಾಲ್ಕು ಉಪಗ್ರಹಗಳನ್ನು ಕಂಡ ಗೆಲಿಲಿಯೋನ ದೂರದರ್ಶಕದ ಗಾಜು ಅಂಗೈಯಗಲವೂ ಇರಲಿಲ್ಲ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, ಅರ್ಮಾಸೋನೆಸ್ ಎಂಬ ಬೆಟ್ಟದ ಮೇಲೆ ಯೂರೋಪಿನ ದಕ್ಷಿಣ ವೀಕ್ಷಣಾಲಯ ಸಂಸ್ಥೆಯು ನಿರ್ಮಿಸಹೊರಟ ದೂರದರ್ಶಕದ ಮುಖ್ಯ ಕನ್ನಡಿಯ ಅಗಲವಾದರೋ 39 ಮೀಟರು! ಇಷ್ಟು ದೊಡ್ಡ ಕನ್ನಡಿಯನ್ನು ಒಂದೇ ಅಚ್ಚಿನಲ್ಲಿ ಎರೆಯುವುದು ಅಸಾಧ್ಯ. ಆದುದರಿಂದ 798 ಷಟ್ಕೋನಾಕೃತಿಯ ತುಂಡುಗಳನ್ನು ಜೇನುಹುಟ್ಟಿನ ಕಣ್ಣುಗಳಂತೆ ಜೋಡಿಸಿ ಒಂದೇ ಕನ್ನಡಿಯಾಗಿಸುವ ಉಪಾಯವನ್ನು ಕೈಗೊಳ್ಳಲಾಯಿತು. ಅದನ್ನು ನೆಲೆಗೊಳಿಸಲು 2014ರಲ್ಲಿ ಬೆಟ್ಟದ ನೆತ್ತಿಯನ್ನೇ ಸಿಡಿಸಿ, 3046 ಮೀಟರ್ ಎತ್ತರದಲ್ಲಿ ಸಮತಟ್ಟಾದ ಜಗಲಿಯನ್ನು ಮಾಡಿದರು.

ನೀರಿಲ್ಲದ, ನೆರಳಿಲ್ಲದ ಆ ನೆಲಕ್ಕೆ ವಿಜ್ಞಾನಿಗಳು ಮನಸೋತದ್ದೇಕೆ? ನೀರಿಲ್ಲದಿರುವುದೇ ಅದರ ಹಿರಿಮೆ. ಗಾಳಿಯಲ್ಲಿನ ನೀರಾವಿಯು ನಕ್ಷತ್ರಗಳಿಂದ ಬರುವ ಅವರಕ್ತ ಕಿರಣಗಳನ್ನು ಹೀರಿಬಿಡುತ್ತದೆ. ಒಂದು ಕಡೆ ಆಂಡೀಸ್ ಪರ್ವತಶ್ರೇಣಿ, ಇನ್ನೊಂದು ಕಡೆ ಶಾಂತಸಾಗರದ ಶೀತಪ್ರವಾಹ; ಇವೆರಡೂ ಸೇರಿ ಮಳೆಮೋಡಗಳನ್ನು ಅತ್ತ ಸುಳಿಯಗೊಡವು. ವರ್ಷದಲ್ಲಿ 300ಕ್ಕೂ ಹೆಚ್ಚು ರಾತ್ರಿಗಳು ಅಲ್ಲಿ ನಿರ್ಮಲ. ಎಲ್ಲಕ್ಕಿಂತ ಮಿಗಿಲಾಗಿ, ಊರ ದೀಪಗಳಿಲ್ಲದ ಗಾಢಾಂಧಕಾರ.

ಈ ಕತ್ತಲೆಗೂ ಕುತ್ತು ಒದಗಿತು. ಅರ್ಮಾಸೋನೆಸ್‌ಗೆ ಸುಮಾರು 20 ಕಿಲೋಮೀಟರು ದೂರದಲ್ಲಿ ಪರಾನಾಲ್ ಎಂಬ ಪ್ರಸಿದ್ಧ ವೀಕ್ಷಣಾಲಯವಿದೆ. ಅದರ ಸಮೀಪದಲ್ಲಿಯೇ ಜಲಜನಕ ಮತ್ತು ಅಮೋನಿಯಾ ತಯಾರಿಸುವ ಬೃಹತ್ ಕಾರ್ಖಾನೆಯೊಂದನ್ನು ಬಂದರು ಸಹಿತ ಸ್ಥಾಪಿಸುವ ಯೋಜನೆಯು 2024ರ ಡಿಸೆಂಬರಿನಲ್ಲಿ ಸರ್ಕಾರದ ಪರಿಶೀಲನೆಗೆ ಬಂದಿತು. ಅದರಿಂದ ಪರಾನಾಲ್‌ನ ಆಕಾಶದಲ್ಲಿ ಕೃತಕ ಬೆಳಕು ಶೇಕಡ 35ರಷ್ಟಾದರೂ ಹೆಚ್ಚುವುದೆಂದು ವೀಕ್ಷಣಾಲಯದವರು 2025ರಲ್ಲಿ ಲೆಕ್ಕಹಾಕಿ ಎಚ್ಚರಿಸಿದರು.

ಇಲ್ಲಿ ಒಂದು ಪಕ್ಷವನ್ನು ದುಷ್ಟವೆಂದು ಹಳಿದರೆ ನ್ಯಾಯವಾಗದು. ಹೊಗೆಯಿಲ್ಲದ ಇಂಧನವೂ ಲೋಕಕ್ಕೆ ಬೇಕಾದದ್ದೇ; ದುಡಿಯುವ ಕೈಗಳಿಗೆ ಕೆಲಸವೂ ಬೇಕಾದದ್ದೇ. ವಿಜ್ಞಾನಿಗಳೂ ಕಾರ್ಖಾನೆಯೇ ಕೂಡದೆನ್ನಲಿಲ್ಲ, ದೂರದಲ್ಲಿ ಕಟ್ಟಿರೆಂದರು. ಅವರ ಮಾತಿನಲ್ಲಿ ಹುರುಳಿದೆ. ಕಾರ್ಖಾನೆಗೆ ಬೇರೆ ನೆಲ ದೊರಕೀತು. ಅಂತಹ ಆಕಾಶವು ಭೂಮಿಯ ಮೇಲೆ ಬೆರಳೆಣಿಕೆಯ ಸ್ಥಳಗಳಲ್ಲಿ ಮಾತ್ರ ಉಳಿದಿದೆ.

ಕಾಡು ಕಡಿದರೆ ನಷ್ಟವಾಯಿತೆಂದು ಜನ ಮರುಗುತ್ತಾರೆ, ಕೆರೆ ಬತ್ತಿದರೆ ಮರುಗುತ್ತಾರೆ. ಕತ್ತಲೆ ಅಳಿದರೆ ಮಾತ್ರ ಅದಕ್ಕೆ ಪ್ರಗತಿಯೆಂದು ಹೆಸರಿಡುತ್ತಾರೆ. ಕೋಟ್ಯಂತರ ವರ್ಷಗಳ ಹಿಂದೆ ಹೊರಟ ನಕ್ಷತ್ರದ ಬೆಳಕು ಬೆಟ್ಟದ ನೆತ್ತಿಯ ಕನ್ನಡಿಯವರೆಗೆ ಬಂದು, ಬುಡದಲ್ಲಿ ಉರಿಯುವ ವಿದ್ಯುದ್ದೀಪದಿಂದ ಮಾಸಿಹೋದರೆ, ಆ 798 ತುಂಡುಗಳನ್ನು ಜೋಡಿಸಿದ ಶ್ರಮಕ್ಕೆ ಅರ್ಥವೇನುಳಿದೀತು?