ಹಿಕ್ಕೆ ನೋಡದೆ ಹುಳದ ಔಷಧಿ ಕುಡಿಸ್ಬೇಡಿ

ಮುಂಗಾರು ಶುರುವಾಗ್ತಿದ್ದ ಹಾಗೆ ಕುರಿಗಾರರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಮೆಸೇಜ್ ಓಡಾಡುತ್ತೆ: "ಮೂರು ತಿಂಗಳಾಯ್ತು, ಎಲ್ಲಾ ಕುರಿಗೂ ಜಂತಿನ ಔಷಧಿ ಕುಡಿಸಿ." ಕೆಳಗೆ ಒಂದು ಬಾಟಲಿ ಫೋಟೊ. ನಾವೂ ಅಂಗಡಿಗೆ ಹೋಗಿ ಅದೇ ಬಾಟಲಿ ತರ್ತೀವಿ, ಅರವತ್ತು ಕುರಿಗೂ ಕಣ್ಣಂದಾಜಿನಲ್ಲಿ ಒಂದೇ ಅಳತೆ ಕುಡಿಸ್ತೀವಿ, ಕೆಲಸ ಮುಗೀತು ಅಂದ್ಕೋತೀವಿ. ನಾನೂ ಆರು ವರ್ಷ ಹೀಗೇ ಮಾಡಿದವನು. ಈಗ ಕೇಳಿದರೆ ಅದು ತಪ್ಪು ಅಂತೀನಿ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಹಿಕ್ಕೆಯನ್ನ ಹೇಗ್ಹೇಗೋ ಲ್ಯಾಬಿಗೆ ಒಯ್ದು, ಬಂದ ರಿಪೋರ್ಟನ್ನ ಕಣ್ಣು ಮುಚ್ಚಿ ನಂಬೋದು.

ಈ ಎರಡನೇ ತಪ್ಪಿನಿಂದ ನಾನು ಏಳು ಮರಿ ಕಳ್ಕೊಂಡೆ. ಒಂದು ಆಗಸ್ಟ್‌ನಲ್ಲಿ ಬೆಳಿಗ್ಗೆ ರೊಪ್ಪದ ನೆಲದಿಂದ ಒಂದು ಹಿಡಿ ಹಿಕ್ಕೆ ಬಾಚಿ ಪ್ಲಾಸ್ಟಿಕ್ ಕವರಿಗೆ ಹಾಕಿದೆ. ಯಾವ ಕುರೀದು, ಯಾವಾಗ ಹಾಕಿದ್ದು, ಒಂದೂ ಗೊತ್ತಿಲ್ಲ. ಬೈಕಿನ ಡಿಕ್ಕಿಯಲ್ಲಿಟ್ಟು ಸಂತೆ ಮುಗಿಸಿ ಬರೋ ಹೊತ್ತಿಗೆ ಆಸ್ಪತ್ರೆ ಬಾಗಿಲು ಹಾಕಿತ್ತು. ಮಾರನೇ ದಿನ ಮಧ್ಯಾಹ್ನ ಕೊಟ್ಟೆ. "ಮೊಟ್ಟೆ ಕಂಡುಬಂದಿಲ್ಲ" ಅಂತ ರಿಪೋರ್ಟ್ ಬಂತು. ಖುಷಿಯಿಂದ ಮನೆಗೆ ಬಂದೆ. ಹತ್ತು ದಿನದಲ್ಲಿ ಮರಿಗಳ ಗದ್ದದ ಕೆಳಗೆ ನೀರು ತುಂಬಿದಂಥ ಊತ, ಕಣ್ಣಿನ ರೆಪ್ಪೆ ಒಳಗೆಲ್ಲಾ ಬಿಳಿ. ಸತ್ತ ಮರಿಯನ್ನ ಡಾಕ್ಟರು ಕೊಯ್ದು ನೋಡಿದಾಗ ನಾಲ್ಕನೇ ಹೊಟ್ಟೆ ತುಂಬಾ ಕೆಂಪು-ಬಿಳಿ ಹುರಿ ಹೊಸೆದಂಥ ಹುಳ.

ಅದರ ಹೆಸರು ಹೀಮಾಂಕಸ್. ರಕ್ತ ಹೀರೋ ಹುಳ. ಒಂದು ಹುಳ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಕುಡಿಯುತ್ತೆ. ಏನು ಮಹಾ ಅನ್ಸುತ್ತೆ ಅಲ್ವಾ? ಸಾವಿರ ಹುಳ ಇದ್ರೆ ದಿನಕ್ಕೆ 50 ಮಿ.ಲೀ. ಮರಿ ಎಲ್ಲಿಂದ ತರಬೇಕು? ಒಂದು ಹೆಣ್ಣು ಹುಳ ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತೆ.

ಹಾಗಾದ್ರೆ ನನ್ನ ಕವರಿನಲ್ಲಿ ಮೊಟ್ಟೆ ಯಾಕೆ ಕಾಣಲಿಲ್ಲ? ಬೆಚ್ಚಗಿನ ಹವೆಯಲ್ಲಿ ಈ ಮೊಟ್ಟೆಗಳು ಒಂದು ದಿನದೊಳಗೇ ಒಡೆದು ಮರಿಹುಳ ಆಗಿಬಿಡ್ತವೆ. ಲ್ಯಾಬಿನವರು ಎಣಿಸೋದು ಮೊಟ್ಟೆಯನ್ನ. ಇನ್ನೊಂದು ಕಾರಣಾನೂ ಇರಬಹುದು. ಹೊಟ್ಟೆ ಸೇರಿದ ಹುಳ ಬಲಿತು ಮೊಟ್ಟೆ ಇಡೋಕೆ ಸುಮಾರು ಮೂರು ವಾರ ಬೇಕು, ಆದ್ರೆ ಅದಕ್ಕೂ ಮೊದಲೇ ಅದು ರಕ್ತ ಕುಡಿಯೋಕೆ ಶುರು ಮಾಡಿರುತ್ತೆ. ಆದ್ದರಿಂದ "ಇಲ್ಲ" ಅನ್ನೋ ರಿಪೋರ್ಟ್ ಕೈಗೆ ಬಂದ್ರೂ ರೆಪ್ಪೆ ಬಿಡಿಸಿ ನೋಡೋದು ಬಿಡಬೇಡಿ. ರೆಪ್ಪೆ ಬೆಳ್ಳಗಾಗಿ ಗದ್ದ ಊದಿದ್ರೆ ರಿಪೋರ್ಟಿಗೆ ಕಾಯಬೇಡಿ, ಡಾಕ್ಟರನ್ನ ಕರೆಸಿ. ಔಷಧಿ ಕುಡಿಸೋ ಮೊದಲು ಹಿಕ್ಕೆ ಮಾತ್ರ ತೆಗೆದಿಟ್ಟುಕೊಳ್ಳಿ.

ಈಗ ನಾನು ಹಿಕ್ಕೆ ತೆಗೆಯೋ ರೀತಿ ಹೇಳ್ತೀನಿ. ನೆಲದ್ದು ಬೇಡ, ಮಣ್ಣಿನ ಹುಳಗಳೂ ಸೇರಿ ಲೆಕ್ಕ ಕೆಡುತ್ತೆ. ಕೈಗೆ ಗ್ಲೌಸ್ ಹಾಕಿ, ಬೆರಳಿಗೆ ಸ್ವಲ್ಪ ಎಣ್ಣೆ ಸವರಿ ಗುದದ್ವಾರದಿಂದಲೇ ನಿಧಾನವಾಗಿ ತೆಗೆಯಬೇಕು. ಮೊದಲ ಸಲ ಡಾಕ್ಟರ ಮುಂದೆ ಮಾಡಿ ಕಲೀರಿ. ಸಣ್ಣ ಮರಿಗೆ ಒತ್ತಾಯ ಮಾಡ್ಬೇಡಿ. ತೊಳೆದ ಟಾರ್ಪಾಲಿನ ಮೇಲೆ ಮಲಗಿಸಿದ್ರೆ ಬೆಳಿಗ್ಗೆ ಎದ್ದ ತಕ್ಷಣ ಹಾಕ್ತವೆ, ಆಗಲೇ ಎತ್ತಿಕೊಳ್ಳಿ. ಒಂದು ಕುರಿಯಿಂದ 15 ಹಿಕ್ಕೆ ಸಾಕು. ಹತ್ತು ಕುರಿಯದ್ದು ಬೇಕು, ಹತ್ತೂ ಬೇರೆ ಬೇರೆ ಜಿಪ್ ಕವರಿನಲ್ಲಿ. ಸೊರಗಿದ್ದನ್ನ ಮಾತ್ರ ಆರಿಸಬೇಡಿ, ದುಂಡಗಿರೋದೂ ಇರಲಿ, ಯಾಕಂದ್ರೆ ಹಿಂಡಿನ ಹುಳ ಎಲ್ಲಾ ಕುರಿಗೂ ಸಮನಾಗಿ ಹಂಚಿಕೊಂಡಿರಲ್ಲ. ಕವರಿನ ಗಾಳಿಯನ್ನ ಪೂರ್ತಿ ಒತ್ತಿ ತೆಗೀರಿ. ಗಾಳಿ ಇಲ್ಲದಿದ್ರೆ, ತಂಪಿದ್ರೆ ಮೊಟ್ಟೆ ಒಡೆಯೋದು ನಿಲ್ಲುತ್ತೆ.

ಕವರಿನ ಮೇಲೆ ಮಾರ್ಕರಿನಿಂದ ಕಿವಿಯೋಲೆ ನಂಬರು, ತಾರೀಕು, ಸಮಯ ಬರೀರಿ. ಆಮೇಲೆ ಕುರಿ ಪಕ್ಕ ಕವರ್ ಹಿಡಿದು ಒಂದು ಫೋಟೊ ತೆಗೀರಿ. ರೀಲ್ಸ್‌ಗೆ ಅಷ್ಟೊಂದು ಬಳಸೋ ಫೋನು ಇದಕ್ಕೂ ಆಗಲಿ. ಐಸ್ ಪ್ಯಾಕ್ ಇಟ್ಟ ಥರ್ಮೋಕೋಲ್ ಡಬ್ಬದಲ್ಲಿ ಅದೇ ದಿನ ಒಯ್ಯಿರಿ. ಆಗದಿದ್ರೆ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ, ಫ್ರೀಜರಿನಲ್ಲಿ ಬೇಡ, ಹೆಪ್ಪುಗಟ್ಟಿದ್ರೆ ಮೊಟ್ಟೆಯ ಆಕಾರ ಕೆಡುತ್ತೆ. (ಫ್ರಿಜ್ಜಿನಲ್ಲಿ ಹಿಕ್ಕೆ ಕಂಡ ನಮ್ಮಮ್ಮ ಎರಡು ದಿನ ನನ್ನ ಹತ್ರ ಮಾತಾಡಲಿಲ್ಲ. ಮುಚ್ಚಳದ ಡಬ್ಬದೊಳಗಿಟ್ಟು ಮೊದಲೇ ಹೇಳಿಬಿಡಿ.) ಕೈ ಸೋಪು ಹಾಕಿ ತೊಳೀರಿ.

ಲ್ಯಾಬಿನಲ್ಲಿ "ಹುಳ ಇದ್ಯಾ?" ಅಂತ ಕೇಳಿ ಬರ್ಬೇಡಿ. "ಒಂದು ಗ್ರಾಂ ಹಿಕ್ಕೆಯಲ್ಲಿ ಎಷ್ಟು ಮೊಟ್ಟೆ?" ಅಂತ ಸಂಖ್ಯೆ ಕೇಳಿ. ಕುರಿ ಕೆರೆ ಅಂಗಳದಲ್ಲಿ ಮೇಯುತ್ತಿದ್ರೆ ಅದನ್ನೂ ಹೇಳಿ. ಲಿವರ್ ಫ್ಲೂಕ್ ಮೊಟ್ಟೆ ಭಾರ, ಅದನ್ನ ನೋಡೋ ವಿಧಾನ ಬೇರೆ.

"ತಾಲ್ಲೂಕಿನಲ್ಲಿ ಮೈಕ್ರೋಸ್ಕೋಪ್ ಇದ್ರೂ ನೋಡೋರಿಲ್ಲ, ಬಾಟಲಿ ಆದ್ರೆ ಐದು ನಿಮಿಷದ ಕೆಲಸ" ಅಂತೀರಿ. ಆ ದೂರು ಎಷ್ಟೋ ಕಡೆ ನಿಜ, ನಾನು ಒಪ್ತೀನಿ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಇದಕ್ಕೇ ಅಂತ ವಿಭಾಗಗಳಿವೆ, ವಿಚಾರಿಸಿ. ಆದ್ರೆ ಬಾಟಲಿ ಈಗ ಕೆಲಸ ಮಾಡ್ತಿದ್ಯಾ ಅಂತ ಯಾರಿಗೆ ಗೊತ್ತು? ಒಂದೇ ಔಷಧಿಯನ್ನ ಪದೇ ಪದೇ, ಅದೂ ತೂಕಕ್ಕಿಂತ ಕಡಿಮೆ ಕುಡಿಸಿದ್ರೆ ಗಟ್ಟಿ ಹುಳಗಳೇ ಉಳ್ಕೊಂಡು ಸಂತಾನ ಬೆಳೆಸ್ತವೆ. ಕಂಪನಿ ಬದಲಾಯಿಸಿದ್ರೆ ಔಷಧಿ ಬದಲಾಯ್ತು ಅಂತಾನೂ ಅಲ್ಲ. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಎರಡೂ ಒಂದೇ ಗುಂಪಿನವು, ಒಂದಕ್ಕೆ ಜಗ್ಗದ ಹುಳ ಇನ್ನೊಂದಕ್ಕೂ ಜಗ್ಗೋದು ಕಷ್ಟ. ಕುಡಿಸಿ 10ರಿಂದ 14 ದಿನಕ್ಕೆ ಅದೇ ಕುರಿಗಳ ಹಿಕ್ಕೆ ಮತ್ತೆ ಕೊಡಿ. ಸಾವಿರ ಇದ್ದ ಮೊಟ್ಟೆ 50ಕ್ಕಿಂತ ಕಡಿಮೆ ಆಗಿರಬೇಕು. ನಾನೂರು ಉಳಿದಿದ್ರೆ ಆ ಬಾಟಲಿ ನಿಮ್ಮ ರೊಪ್ಪದಲ್ಲಿ ಸೋತಿದೆ.

ನನ್ನ ರೊಪ್ಪದಲ್ಲಿ ಹಾಗೇ ಆಗಿತ್ತು. ಆರು ವರ್ಷ ದುಡ್ಡು ಕೊಟ್ಟು ಕುಡಿಸಿದ ಔಷಧಿ ಅರ್ಧ ಹುಳವನ್ನೂ ಕೊಲ್ತಿರಲಿಲ್ಲ. ಈ ವರ್ಷ ಡಾಕ್ಟರು ಬೇರೆ ಗುಂಪಿನ ಔಷಧಿ ಬರೆದುಕೊಟ್ಟರು. 62 ಕುರಿಯಲ್ಲಿ ಎಣಿಕೆ ಮತ್ತು ರೆಪ್ಪೆ ಬಣ್ಣ ನೋಡಿ 19ಕ್ಕೆ ಮಾತ್ರ, ತಕ್ಕಡಿಯಲ್ಲಿ ತೂಗಿ ಕುಡಿಸಿದೆ. ಎರಡನೇ ಸಲದ ಕವರುಗಳು ಈಗ ಫ್ರಿಜ್ಜಿನಲ್ಲಿವೆ, ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡ್ಬೇಕು.